ಮನೆಯವರೇ ನೋಯಿಸಿದಾಗ ಹಿರಿಯರು ಏನು ಮಾಡಬಹುದು?

ಹೊಡೆದರೆ ಮಾತ್ರ ದೌರ್ಜನ್ಯ ಅಂದುಕೊಳ್ಳಬೇಡಿ. ಕನ್ನಡಕ ಬಚ್ಚಿಡುವುದು, ಮಾತ್ರೆ ತಂದುಕೊಡದೆ ಸತಾಯಿಸುವುದು, ಎಟಿಎಂ ಕಾರ್ಡ್ ಕಿತ್ತಿಟ್ಟುಕೊಳ್ಳುವುದು, ದಿನವಿಡೀ ಹಂಗಿಸುವುದು, ಇವೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 60 ದಾಟಿದ 6 ಜನರಲ್ಲಿ ಒಬ್ಬರಿಗೆ ಒಂದೇ ವರ್ಷದಲ್ಲಿ ಇಂಥದ್ದೇನಾದರೂ ಆಗಿರುತ್ತದೆ.

ಜೀವಕ್ಕೆ ಅಪಾಯ ಅನ್ನಿಸಿದರೆ ಮೊದಲು ಅಲ್ಲಿಂದ ಹೊರಡಿ, ಪೊಲೀಸರಿಗೆ ಫೋನ್ ಮಾಡಿ. ಉಳಿದದ್ದು ಆಮೇಲೆ.

ಹೇಳಿಕೊಳ್ಳುವುದೇ ಕಷ್ಟ, ಯಾಕೆಂದರೆ ಎಷ್ಟೋ ಸಲ ನೋಯಿಸಿದವರು ನಾವೇ ಎತ್ತಿ ಆಡಿಸಿದ ಮಕ್ಕಳು, ಅವರ ಮಾನ ಹೋದರೆ ನಮ್ಮದೂ ಹೋದಂತೆ ಅಲ್ವಾ ಅಂತ ಬಾಯಿ ಕಟ್ಟಿಹೋಗುತ್ತದೆ. ನಂಬಿಕೆಯ ಒಬ್ಬರಿಗೆ ಹೇಳಿ, ಸಾಕು. ಡಾಕ್ಟರ್ ಹತ್ತಿರ ಹೋದಾಗ, "ಇವನು ಸ್ವಲ್ಪ ಹೊರಗೆ ಕೂರಲಿ, ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು" ಅನ್ನಿ. ಗಾಯ ಇದ್ದರೆ ಚೀಟಿಯಲ್ಲಿ ಬರೆಸಿ. ನೀವೂ ತಾರೀಕು ಹಾಕಿ ಎರಡು ಸಾಲು ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಬೇಡ, ಅವರ ಕಣ್ಣಿಗೆ ಬೀಳುತ್ತದೆ. ಪುಸ್ತಕ ಗೆಳತಿಯ ಮನೆಯಲ್ಲಿರಲಿ.

ಬ್ಯಾಂಕಿಗೆ ನೀವೇ ಹೋಗಿ ಪಿನ್ ಬದಲಾಯಿಸಿ. ಓದದೆ ಎಲ್ಲೂ ಸಹಿ ಹಾಕಬೇಡಿ.

ದೂರ ಬಂದಮೇಲೂ ಬಾಗಿಲು ಸದ್ದಾದರೆ ಎದೆ ಧಸಕ್ಕನ್ನುತ್ತದೆ, ನಿದ್ದೆ ಬರುವುದಿಲ್ಲ. ವಯಸ್ಸಾಯಿತು ಅಂತ ಸುಮ್ನೆ ಬಿಡಬೇಡಿ, ಆಪ್ತಸಮಾಲೋಚಕರನ್ನು ನೋಡಿ.