ಕೆಮ್ಮಣ್ಣಿನಿಂದ ಎಂಟು ಕ್ರೆಯಾನ್

ನಾನು ಮಾಡಿದ ಮೊದಲ ಕ್ರೆಯಾನ್ ನೋಡೋಕೆ ಚೆನ್ನಾಗಿತ್ತು. ಆದರೆ ಕಾಗದದ ಮೇಲೆ ಸುಮ್ನೆ ಜಾರುತ್ತಿತ್ತು. ಒತ್ತಿ ಗೀಚಿದರೆ ಎಣ್ಣೆ ಕಲೆಯಂಥ ಗೆರೆ ಮೂಡುತ್ತಿತ್ತು. ಅದರಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಮಗಳು, "ಅಪ್ಪ, ಬಣ್ಣ ಎಲ್ಲಿ?" ಅಂತ ಕೇಳಿದಳು.

ಅದೇ ಸರಿಯಾದ ಪ್ರಶ್ನೆ. ಕ್ರೆಯಾನ್‌ನಲ್ಲಿ ಮುಖ್ಯವಾಗಿ ಇರುವುದು ಎರಡು: ಮೇಣ ಮತ್ತು ಬಣ್ಣದ ಪುಡಿ. ನಾನು ಮೇಣಕ್ಕೆ ಹಾಕಿದ್ದು ನೀರಿನಲ್ಲಿ ಕರಗಿದ ಬಣ್ಣ. ಮೇಣ ಎಣ್ಣೆಯ ಜಾತಿಯದು, ನೀರಿನ ಜೊತೆ ಬೆರೆಯುವುದಿಲ್ಲ. ಹಾಗಾಗಿ ಬಣ್ಣ ಹನಿಹನಿಯಾಗಿ ಬೇರೆಯೇ ಉಳಿಯಿತು. ಒಣ ಪುಡಿಯೇ ಬೇಕು, ಅದೂ ಹಿಟ್ಟಿನಷ್ಟು ನುಣ್ಣಗೆ.

ಎರಡನೇ ಸಲ ಕೆಮ್ಮಣ್ಣು ತಂದೆ. ಕೆಮ್ಮಣ್ಣಿಗೆ ಕೆಂಪು ಬರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ. ಅಂದರೆ ತುಕ್ಕಿನ ನೆಂಟ. ಜೇನುಮೇಣ ಕರಗಿಸಿ, ಪುಡಿ ಹಾಕಿ, ಕಲಸಿ, ಕೂಡಲೇ ಅಚ್ಚಿಗೆ ಸುರಿದೆ. ಆರಿದ ಮೇಲೆ ನೋಡಿದರೆ ಕಡ್ಡಿಯ ಒಂದು ತುದಿ ಕಡುಗೆಂಪು, ಇನ್ನೊಂದು ತುದಿ ಹಳದಿ. ಮೇಣ ನೀರಿಗಿಂತ ಹಗುರ, ಕೆಮ್ಮಣ್ಣು ನೀರಿಗಿಂತ ತುಂಬಾ ಭಾರ. ಮೇಣ ತೆಳ್ಳಗೆ ಇದ್ದಾಗಲೇ ಸುರಿದಿದ್ದರಿಂದ ಪುಡಿಯೆಲ್ಲ ತಳಕ್ಕೆ ಇಳಿದುಬಿಟ್ಟಿತ್ತು.

ಮೂರನೇ ಸಲ ಕೈಗೂಡಿತು. ಅಳತೆ ಹೇಳ್ತೀನಿ: ಜೇನುಮೇಣ 60 ಗ್ರಾಂ, ಬಟ್ಟೆಯಲ್ಲಿ ಜರಡಿ ಹಿಡಿದ ಸೀಮೆಸುಣ್ಣದ ಪುಡಿ 30 ಗ್ರಾಂ, ಕೆಮ್ಮಣ್ಣು 15 ಗ್ರಾಂ. ಸೀಮೆಸುಣ್ಣ ಯಾಕೆ? ಬರೀ ಮೇಣ ಕಾಗದದ ಮೇಲೆ ಜಾರುತ್ತೆ. ಪುಡಿ ಸೇರಿದರೆ ಕಡ್ಡಿ ಸ್ವಲ್ಪ ತರಿಯಾಗುತ್ತೆ, ಗೀಚಿದಾಗ ಸವೆಯುತ್ತೆ. ಕ್ರೆಯಾನ್ ಸವೆಯಲೇಬೇಕು, ಅಲ್ವಾ? ಸವೆದು ಕಾಗದಕ್ಕೆ ಅಂಟಿಕೊಂಡದ್ದೇ ನಿಮ್ಮ ಚಿತ್ರ. ಪುಡಿ ಜಾಸ್ತಿಯಾದರೆ ಮಾತ್ರ ಕಡ್ಡಿ ಪಟ್ಟನೆ ಮುರಿಯುತ್ತೆ. ಕಾರ್ಖಾನೆಯಲ್ಲಿ ಪ್ಯಾರಾಫಿನ್ ಮೇಣ ಬಳಸುತ್ತಾರೆ. ಅದು ಪೆಟ್ರೋಲಿಯಂನಿಂದ ಬರುತ್ತದೆ. ಗಟ್ಟಿಯಾಗಲಿ ಅಂತ ಕೊಬ್ಬು, ಎಣ್ಣೆಗಳಿಂದ ತೆಗೆಯುವ ಸ್ಟಿಯರಿಕ್ ಆಮ್ಲವನ್ನೂ ಹಾಕುತ್ತಾರೆ. ಹೊಸ ಡಬ್ಬಿ ತೆರೆದಾಗ ಬರುವ ಆ ವಾಸನೆಯಲ್ಲಿ ಇದರ ಪಾಲು ದೊಡ್ಡದು.

ಮೇಣ ಕರಗಿಸುವ ಕೆಲಸ ದೊಡ್ಡವರದ್ದು. ನೇರವಾಗಿ ಉರಿಯ ಮೇಲೆ ಇಡಬಾರದು, ಬೆಂಕಿ ಹತ್ತಿಕೊಳ್ಳಬಹುದು. ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಇನ್ನೊಂದು ಚಿಕ್ಕ ಪಾತ್ರೆ ಇಟ್ಟು ಮೇಣ ಹಾಕಬೇಕು. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ಕೆಮ್ಮಣ್ಣನ್ನು ಮೊದಲು ಒಂದೆರಡು ಚಮಚ ಕರಗಿದ ಮೇಣದಲ್ಲಿ ಗಂಟಿಲ್ಲದಂತೆ ಉಜ್ಜಿ, ಆಮೇಲೆ ಉಳಿದದ್ದಕ್ಕೆ ಬೆರೆಸಿದೆ. ಒಲೆ ಆರಿಸಿ, ಗಂಜಿಯಷ್ಟು ಮಂದವಾಗುವ ತನಕ ಕೈ ಬಿಡದೆ ಕಲಕಿದೆ. ಸುರಿಯಬೇಕಾದದ್ದು ಆಗ.

ಅಚ್ಚು ಮಾಡಿದ್ದು ಮಗಳು. ದಪ್ಪ ಸ್ಕೆಚ್ ಪೆನ್ನಿಗೆ ಕಾಗದವನ್ನು ಎರಡು ಸುತ್ತು ಸುತ್ತಿ, ಅಂಟಿಸಿ, ಪೆನ್ನು ಹೊರಗೆಳೆದಳು. ಕೊಳವೆಯ ಬುಡಕ್ಕೆ ಜೇಡಿಮಣ್ಣು ಮೆತ್ತಿ, ಮರಳಿನಲ್ಲಿ ನೆಟ್ಟಳು. ಮೇಣ ಆರುವಾಗ ಕುಗ್ಗುತ್ತೆ, ಮೇಲೆ ಗುಳಿ ಬೀಳುತ್ತೆ. ಅದಕ್ಕೆ ಕೊನೆಗೆ ಇನ್ನೊಂದಿಷ್ಟು ಸುರಿಯಬೇಕು. ಕೊಳವೆ ಕಡ್ಡಿಗೇ ಅಂಟಿಕೊಂಡು ಹೊದಿಕೆಯಾಯಿತು. ಎಣಿಸಿದರೆ ಎಂಟು ಕಡ್ಡಿ.

ಎಂಟು ಅಂದ ಕೂಡಲೇ ನನಗೆ 1903 ನೆನಪಾಯಿತು. ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಕಂಪನಿ ಆ ವರ್ಷ ಕ್ರೆಯೋಲಾ ಹೆಸರಿನ ಮೊದಲ ಡಬ್ಬಿ ಮಾರಿತು. ಅದರಲ್ಲಿದ್ದದ್ದೂ ಎಂಟು ಕಡ್ಡಿ, ಬೆಲೆ 5 ಸೆಂಟ್. ಹೆಸರು ಕೊಟ್ಟವರು ಎಡ್ವಿನ್ ಬಿನ್ನಿಯವರ ಹೆಂಡತಿ ಆಲಿಸ್. ಅವರು ಟೀಚರ್ ಆಗಿದ್ದವರು. ಫ್ರೆಂಚ್‌ನಲ್ಲಿ 'ಕ್ರೇ' ಅಂದರೆ ಸೀಮೆಸುಣ್ಣ. ಅದಕ್ಕೆ ಎಣ್ಣೆ ಎಂಬರ್ಥದ ಪದದ ತುಂಡನ್ನು ಜೋಡಿಸಿದರು. ನನಗೆ ತುಂಬಾ ಇಷ್ಟವಾದ ವಿಷಯ ಬೇರೆ ಇದೆ. ಮಕ್ಕಳ ಕ್ರೆಯಾನ್‌ಗಿಂತ ಮೊದಲು ಈ ಕಂಪನಿ ಮಾರುತ್ತಿದ್ದ ಸಾಮಾನುಗಳಲ್ಲಿ ಎರಡು ಮುಖ್ಯ: ಕೊಟ್ಟಿಗೆಗಳಿಗೆ ಬಳಿಯುವ ಕೆಂಪು ಬಣ್ಣ ಮತ್ತು ಮಸಿಯ ಕಪ್ಪು ಪುಡಿ. ಆ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ!

ಮೇಣಕ್ಕೆ ಬಣ್ಣ ಬೆರೆಸುವುದು ಮಾತ್ರ ಅವರಿಗಿಂತ ತುಂಬಾ ಹಳೆಯದು. ಈಜಿಪ್ಟಿನ ಫಯೂಮ್ ಎಂಬ ಕಡೆ ಸಿಕ್ಕ ಮುಖಚಿತ್ರಗಳಲ್ಲಿ ಹಲವನ್ನು ಜೇನುಮೇಣದ ಬಣ್ಣದಲ್ಲೇ ಬರೆದಿದ್ದಾರೆ. ಸುಮಾರು 2000 ವರ್ಷವಾದರೂ ಆ ಕಣ್ಣುಗಳು ಈಗಲೂ ಹೊಳೆಯುತ್ತವೆ.

ಕೆಮ್ಮಣ್ಣಿನಂಥ ಬಣ್ಣದ ಒಂದು ಕ್ರೆಯೋಲಾ ಕಡ್ಡಿಯ ಹೆಸರು 'ಇಂಡಿಯನ್ ರೆಡ್' ಅಂತಿತ್ತು. ಭಾರತದ ಕಡೆಯ ಕೆಂಪು ಮಣ್ಣಿನ ಬಣ್ಣದಿಂದ ಬಂದ ಹೆಸರು. ಆದರೆ ಅಮೆರಿಕದ ಮಕ್ಕಳು ಅದನ್ನು ಅಲ್ಲಿನ ಮೂಲನಿವಾಸಿಗಳ ಮೈಬಣ್ಣ ಅಂದುಕೊಳ್ಳುತ್ತಾರೆ ಎಂದು ಟೀಚರ್‌ಗಳು ಹೇಳಿದರು. 1999ರಲ್ಲಿ ಹೆಸರು 'ಚೆಸ್ಟ್‌ನಟ್' ಆಯಿತು. ಹಾಗೆಯೇ 1962ರಲ್ಲಿ 'ಫ್ಲೆಶ್', ಅಂದರೆ ಮೈಬಣ್ಣ, ಎಂಬ ಹೆಸರು ಹೋಗಿ 'ಪೀಚ್' ಬಂದಿತ್ತು. ಎಲ್ಲರ ಮೈಯೂ ಒಂದೇ ಬಣ್ಣ ಇರುತ್ತಾ? ಬದಲಾಯಿಸಿದ್ದು ಸರಿಯೇ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಯೋಚಿಸಿ, ನಮ್ಮ ಎಂಟೂ ಕಡ್ಡಿಯ ಕಾಗದದ ಮೇಲೆ 'ಮಳೆಯಲ್ಲಿ ನೆಂದ ಮಣ್ಣು' ಅಂತ ಬರೆದಳು. ಈಗ ಕಪ್ಪು ಕಡ್ಡಿಗೆ ಇದ್ದಿಲು ಅರೆಯುತ್ತಿದ್ದೇವೆ. ಅದು ಕೆಮ್ಮಣ್ಣಿನಷ್ಟು ಬೇಗ ತಳಕ್ಕೆ ಇಳಿಯಲ್ಲ, ಆದರೆ ನುಣ್ಣಗಾಗಲು ತುಂಬಾ ಹೊತ್ತು ಬೇಕು.