ಲಕ್ಷಣವನ್ನು ಕೊನೆಗಿಟ್ಟು ಅಲಂಕಾರ ಕಲಿಸಿದೆ: ನನ್ನ ಅನುಭವ

ಹತ್ತನೆಯ ತರಗತಿಯಲ್ಲಿ ಅಲಂಕಾರದ, ಎಂದರೆ ಮಾತಿಗೆ ಚೆಲುವು ಕೊಡುವ ಹೋಲಿಕೆ ಮುಂತಾದವುಗಳ, ಲಕ್ಷಣವನ್ನು (ವ್ಯಾಖ್ಯೆಯನ್ನು) ಕಟ್ಟಕಡೆಗೆ ಹೇಳಬೇಕು, ಅದಕ್ಕೆ ಮೊದಲು ಐದಾರು ವಾರ ‘ಉಪಮೆ’, ‘ರೂಪಕ’ ಎಂಬ ಹೆಸರುಗಳನ್ನೇ ಎತ್ತಬಾರದು ಎಂದು ನಾಲ್ಕು ವರ್ಷಗಳ ಹಿಂದೆ ಶಿಕ್ಷಕರ ಕೊಠಡಿಯಲ್ಲಿ ಹೇಳಿದಾಗ ನನ್ನ ಪರವಾಗಿ ಯಾರೂ ಮಾತನಾಡಲಿಲ್ಲ. “ಪ್ರಶ್ನೆಪತ್ರಿಕೆಯಲ್ಲಿ ಮೂರು ಅಂಕ, ಅದಕ್ಕೆ ಆರು ವಾರವೇ ಮೇಷ್ಟ್ರೇ?” ಎಂದು ನನಗಿಂತ ಹಿರಿಯರಾದ ಕನ್ನಡ ಶಿಕ್ಷಕರೊಬ್ಬರು ಕೇಳಿದರು. ಪದ್ಯಭಾಗ ಮುಗಿಸುವ ಒತ್ತಡ ಎಷ್ಟಿರುತ್ತದೆ ಎಂಬುದು ನನಗೂ ಗೊತ್ತಿದ್ದುದರಿಂದ ಅವರ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಮೂರು ತಂಡಗಳು ಈ ಕ್ರಮದಲ್ಲಿ ಕಲಿತು ಶಾಲೆಯಿಂದ ಹೊರಗೆ ಹೋಗಿವೆ. ಅದೇ ಹಿರಿಯರು ಕಳೆದ ವರ್ಷ ಮಕ್ಕಳು ತಂದ ಮಾತುಗಳನ್ನು ಬರೆದಿಟ್ಟ ನನ್ನ ಚೀಟಿಗಳ ಪೆಟ್ಟಿಗೆಯನ್ನು ಕೇಳಿ ತೆಗೆದುಕೊಂಡು ಹೋಗಿ, ಎರಡು ತಿಂಗಳು ತಮ್ಮಲ್ಲೇ ಇಟ್ಟುಕೊಂಡಿದ್ದರು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಕ್ಕಳು ಸೋಲುವುದು ಲಕ್ಷಣದಲ್ಲಲ್ಲ, ಸಮನ್ವಯದಲ್ಲಿ, ಎಂದರೆ ಲಕ್ಷಣವನ್ನು ಕೊಟ್ಟ ವಾಕ್ಯಕ್ಕೆ ಹೊಂದಿಸಿ ತೋರಿಸುವುದರಲ್ಲಿ, ಎಂಬುದು ಕನ್ನಡ ಕಲಿಸುವ ಎಲ್ಲರಿಗೂ ಗೊತ್ತಿರುವ ವಿಷಯ. ಲಕ್ಷಣವನ್ನು ಒಂದು ಅಕ್ಷರವೂ ತಪ್ಪದಂತೆ ಬರೆದ ಹುಡುಗನೇ ಮುಂದಿನ ಸಾಲಿನಲ್ಲಿ ಉಪಮೇಯದ (ವರ್ಣಿಸುವ ವಸ್ತುವಿನ) ಜಾಗದಲ್ಲಿ ಉಪಮಾನವನ್ನು (ಅದಕ್ಕೆ ಹೋಲಿಸುವ ವಸ್ತುವನ್ನು) ಬರೆದಿರುತ್ತಾನೆ. ‘ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು’ ಎಂದು ಕೊಟ್ಟರೆ ತರಗತಿಯ ಎಲ್ಲರೂ ಸರಿಯಾಗಿ ಬಿಡಿಸುತ್ತಾರೆ, ಏಕೆಂದರೆ ಆ ವಾಕ್ಯಕ್ಕೆ ಉತ್ತರ ಅವರ ಟಿಪ್ಪಣಿಯಲ್ಲೇ ಇರುತ್ತದೆ. ಒಮ್ಮೆ ಕಿರುಪರೀಕ್ಷೆಯಲ್ಲಿ ಎಲ್ಲಿಯೂ ಬಾರದ ಹೊಸ ವಾಕ್ಯವೊಂದನ್ನು ಕೊಟ್ಟೆ. ನನ್ನ ನೆನಪಿನಂತೆ 42 ಮಕ್ಕಳಲ್ಲಿ ಹನ್ನೊಂದು ಮಂದಿ ಮಾತ್ರ ಉಪಮೇಯ, ಉಪಮಾನ, ‘ಅಂತೆ’ಯಂಥ ಉಪಮಾವಾಚಕ, ಎರಡಕ್ಕೂ ಸಮಾನವಾದ ಗುಣ ಎಂಬ ನಾಲ್ಕು ಭಾಗಗಳನ್ನೂ ಸರಿಯಾಗಿ ಗುರುತಿಸಿದ್ದರು. ಅದೇ ಪತ್ರಿಕೆಯಲ್ಲಿ ‘ನಾಳೆ ಮಳೆ ಬರುತ್ತದಂತೆ’ ಎಂಬ ವಾಕ್ಯವನ್ನೂ ಸೇರಿಸಿದ್ದೆ. ಮೂವತ್ತಕ್ಕೂ ಹೆಚ್ಚು ಮಕ್ಕಳು ಅದನ್ನು ಉಪಮಾಲಂಕಾರವೆಂದು ಬರೆದರು. ಒಬ್ಬಳು ಉಪಮೇಯ ನಾಳೆ, ಉಪಮಾನ ಮಳೆ ಎಂದು ಸಮನ್ವಯವನ್ನೂ ಮಾಡಿದ್ದಳು. ಆ ಉತ್ತರಪತ್ರಿಕೆಯನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದರಲ್ಲಿರುವ ತಪ್ಪು ಆ ಹುಡುಗಿಯದಲ್ಲ, ನಾನು ಕಲಿಸಿದ ಕ್ರಮದ್ದು.

ಸರಿಯಾದ ದಾರಿ ಸಿಗುವ ಮೊದಲು ಹಣವೂ ಹೋಯಿತು, ಎರಡು ವರ್ಷಗಳೂ ಹೋದವು. ಮೊದಲು ಎರಡು ದೊಡ್ಡ ಫ್ಲೆಕ್ಸ್‌ಗಳನ್ನು ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದೆ. ಸುಮಾರು 1,400 ರೂಪಾಯಿ ಆಯಿತು. ಮಕ್ಕಳು ಅದರಲ್ಲಿದ್ದ ಉದಾಹರಣೆಗಳನ್ನು ಕಂಠಪಾಠ ಮಾಡಿದರೇ ಹೊರತು ಹೊಸ ವಾಕ್ಯದ ಮುಂದೆ ಮೊದಲಿನಂತೆಯೇ ನಿಂತರು. ಅನಂತರ ಸಿದ್ಧ ವಿಡಿಯೋ ಪಾಠಗಳ ಒಂದು ಕಟ್ಟನ್ನು ಹತ್ತಿರಹತ್ತಿರ 3,000 ರೂಪಾಯಿ ಕೊಟ್ಟು ಕೊಂಡೆ. ‘ಸೀತೆಯ ಮುಖಕಮಲ ಅರಳಿತು’ ಎಂಬಲ್ಲಿ ಪರದೆಯ ಮೇಲೆ ನಿಜವಾಗಿಯೇ ಕಮಲವೊಂದು ಅರಳುತ್ತಿತ್ತು. ವಾರದ ಬಳಿಕ ಕೇಳಿದರೆ ಮಕ್ಕಳಿಗೆ ಕಮಲ ನೆನಪಿತ್ತು, ಮುಖ ಮರೆತುಹೋಗಿತ್ತು. ಮೂರನೆಯ ಪ್ರಯತ್ನವಾಗಿ ಮಾಡಿಸಿದ ಲ್ಯಾಮಿನೇಟ್ ಕಾರ್ಡುಗಳಿಗೆ ಇನ್ನೆರಡು ಸಾವಿರ ಆಯಿತು. ಆಲೋಚನೆ ಸರಿಯಾಗಿದ್ದರೂ ಆ ಕಾರ್ಡುಗಳ ಮೇಲೆ ಮಕ್ಕಳು ಬರೆಯಲಾಗುತ್ತಿರಲಿಲ್ಲ, ನಾನು ಬರೆಸಿದ್ದನ್ನು ಓದಬಹುದಿತ್ತು ಅಷ್ಟೆ. ಒಟ್ಟು ಆರೂವರೆ ಸಾವಿರದಷ್ಟು, ಅದರಲ್ಲಿ ಬಹುಪಾಲು ನನ್ನ ಕೈಯಿಂದಲೇ ಹೋಯಿತು. ಕೊನೆಗೆ ಫಲ ಕೊಟ್ಟ ಚೀಟಿಗಳು ಹಳೆಯ ಮದುವೆ ಕರೆಯೋಲೆಗಳ ಖಾಲಿ ಹಿಂಬದಿಯಿಂದ ಕತ್ತರಿಸಿದವು. ನಾಲ್ಕು ಬಣ್ಣದ ಸ್ಕೆಚ್ ಪೆನ್ನುಗಳಿಗೂ ಒಂದು ಪೊಟ್ಟಣ ರಬ್ಬರ್ ಬ್ಯಾಂಡಿಗೂ ನೂರೈವತ್ತು ರೂಪಾಯಿ ಮೀರಲಿಲ್ಲ.

ಮೊದಲ ಎರಡು ವಾರ ಪ್ರತಿ ಮಗುವೂ ದಿನಕ್ಕೊಂದು ಮಾತನ್ನು ಕಿವಿಯಾರೆ ಕೇಳಿ ತರಬೇಕು. ಪುಸ್ತಕದಿಂದ ತಂದದ್ದಕ್ಕೆ ಪೆಟ್ಟಿಗೆಯಲ್ಲಿ ಜಾಗವಿಲ್ಲ. ಆ ಮಾತಿನಲ್ಲಿ ಒಂದು ವಸ್ತುವನ್ನು ಹೇಳಲು ಇನ್ನೊಂದು ವಸ್ತು ಬಂದಿರಬೇಕು ಎಂಬುದೊಂದೇ ನಿಯಮ. ಮೊದಲ ನಾಲ್ಕು ದಿನ ಹುಲಿಯಂಥ ಧೈರ್ಯವೂ ಹಾಲಿನಂಥ ಬಿಳುಪೂ ಬಂದವು. ಅವನ್ನೆಲ್ಲ ಹಿಂದಿರುಗಿಸಿದೆ. ಆಮೇಲೆ ಮನೆಯ ಮಾತುಗಳು ಬರತೊಡಗಿದವು: ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ, ತೂತು ಬಿಂದಿಗೆಯಲ್ಲಿ ನೀರು ತಂದ ಹಾಗೆ. ‘ಹಂಗೆ’, ‘ಹಾಂಗ’, ‘ಥರ’ ಎಂದು ಅವರವರ ಮನೆಯಲ್ಲಿ ಹೇಗೆ ಆಡುತ್ತಾರೋ ಹಾಗೆಯೇ ಚೀಟಿಯಲ್ಲಿ ಬರೆಯಿಸಿ, ಕೆಳಗೆ ಗ್ರಂಥಸ್ಥ ರೂಪವನ್ನು ಅವರಿಂದಲೇ ಬರೆಯಿಸಿದೆ. ಎರಡನೆಯ ವಾರದ ಕೊನೆಗೆ ಪೆಟ್ಟಿಗೆಯಲ್ಲಿ ನಾನೂರರಷ್ಟು ಚೀಟಿಗಳಿದ್ದವು, ಅವುಗಳಲ್ಲಿ ನೂರರಷ್ಟು ನಾನೇ ಎಂದೂ ಕೇಳದವು.

ಮೂರನೆಯ ವಾರದಿಂದ ಒಂದು ವಾಕ್ಯವನ್ನು ಗುರುತಿಸುವ ಕೆಲಸವನ್ನು ಬಿಟ್ಟು ಬದಲಾಯಿಸುವ ಕೆಲಸವನ್ನು ಹಿಡಿದೆವು. ನನ್ನ ಕ್ರಮದ ಜೀವವಿರುವುದು ಇಲ್ಲಿಯೇ ಎಂದು ಧೈರ್ಯವಾಗಿ ಹೇಳುತ್ತೇನೆ. ಒಬ್ಬ ಹುಡುಗ ತಂದ ಮಾತು ‘ಅಜ್ಜಿಯ ಅಂಗಾಲು ಬತ್ತಿದ ಕೆರೆಯಂತೆ ಬಿರುಕುಬಿಟ್ಟಿದೆ’ ಎಂದು. ನಾಲ್ಕು ಭಾಗಗಳನ್ನು ನಾಲ್ಕು ಬಣ್ಣದ ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಸಾಲಾಗಿ ಇಟ್ಟೆವು. ‘ಬಿರುಕುಬಿಟ್ಟಿದೆ’ ಎಂಬ ಚೀಟಿಯನ್ನು ತೆಗೆದರೆ ‘ಅಜ್ಜಿಯ ಅಂಗಾಲು ಬತ್ತಿದ ಕೆರೆಯಂತಿದೆ’ ಎಂದಾಗುತ್ತದೆ. ಹೋಲಿಕೆ ಯಾವುದರಲ್ಲಿ ಎಂಬುದನ್ನು ಕೇಳುವವನೇ ತುಂಬಿಕೊಳ್ಳಬೇಕಾಗುತ್ತದೆ. ‘ಅಂತೆ’ಯನ್ನೂ ತೆಗೆದರೆ ‘ಅಜ್ಜಿಯ ಅಂಗಾಲೇ ಬತ್ತಿದ ಕೆರೆ’. ಇನ್ನೂ ಮುಂದೆ ಹೋಗಿ ಕಲ್ಪನೆಗೆ ಬಿಟ್ಟರೆ, ‘ಬತ್ತಿದ ಕೆರೆಯೇ ಬಂದು ಅಜ್ಜಿಯ ಅಂಗಾಲನ್ನು ಸೇರಿಕೊಂಡಿತೋ ಎಂಬಂತೆ ಬಿರುಕುಗಳು ಕಾಣುತ್ತಿದ್ದವು’. ಪೂರ್ಣೋಪಮೆ, ಲುಪ್ತೋಪಮೆ, ರೂಪಕ, ಉತ್ಪ್ರೇಕ್ಷೆ ಎಲ್ಲವೂ ಇದೇ ಕ್ರಮದಲ್ಲಿ ಒಂದೇ ಅಂಗಾಲಿನ ಮೇಲೆ ಬಂದುಹೋದವು, ಆದರೆ ಒಂದು ಹೆಸರನ್ನೂ ನಾನು ಹೇಳಿರಲಿಲ್ಲ. ಆರನೆಯ ವಾರ ಲಕ್ಷಣಗಳನ್ನು ಕಪ್ಪುಹಲಗೆಯ ಮೇಲೆ ಬರೆದಾಗ, ‘ಇದು ನಾವು ಮೂರನೆಯ ಚೀಟಿಯಲ್ಲಿ ಮಾಡಿದ್ದಲ್ಲವೇ ಸರ್?’ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಆ ಒಂದು ಪ್ರಶ್ನೆಗಾಗಿ ಆರು ವಾರ ಕಾದದ್ದು ಸಾರ್ಥಕವಾಯಿತು.

‘ಅಂತೆ’ಯ ಗೊಂದಲಕ್ಕೆ ಪ್ರತ್ಯೇಕವಾಗಿ ಎರಡು ಅವಧಿಗಳನ್ನು ಕೊಡಲೇಬೇಕು. ಕನ್ನಡದಲ್ಲಿ ಆ ರೂಪ ಒಂದೇ ಕೆಲಸವನ್ನು ಮಾಡುವುದಿಲ್ಲ: ‘ಬರುತ್ತಾನಂತೆ’ ಎಂಬಲ್ಲಿ ಬೇರೆಯವರಿಂದ ಕೇಳಿದ ಸುದ್ದಿಯನ್ನು ಹೇಳುತ್ತದೆ, ‘ಹೇಳಿದಂತೆ ಮಾಡು’ ಎಂಬಲ್ಲಿ ರೀತಿಯನ್ನು, ‘ಬೀಳದಂತೆ ಹಿಡಿ’ ಎಂಬಲ್ಲಿ ಎಚ್ಚರಿಕೆಯನ್ನು. ಇಂಥ ನಲವತ್ತು ವಾಕ್ಯಗಳನ್ನು ಬೆರೆಸಿ ಗುಂಪುಗಳಿಗೆ ಕೊಟ್ಟು ಬೇರ್ಪಡಿಸಲು ಹೇಳಿದೆ. ‘ಯಾವ ಎರಡು ವಸ್ತುಗಳು ಎದುರುಬದುರಾಗಿ ನಿಂತಿವೆ?’ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದು ಉಪಮೆಯಲ್ಲ ಎಂಬ ಒಂದೇ ಒರೆಗಲ್ಲು ಸಾಕಾಯಿತು. ಉತ್ಪ್ರೇಕ್ಷೆಯ ‘ಎಂಬಂತೆ’ಯಲ್ಲೂ ‘ಅಂತೆ’ ಅಡಗಿರುವುದರಿಂದ ಅದನ್ನು ಈ ಆಟ ಮುಗಿದ ಮೇಲೆ ಮಾತ್ರ ಕೈಗೆತ್ತಿಕೊಳ್ಳಬೇಕು. ಮೊದಲ ವರ್ಷ ಈ ಸಾಲನ್ನು ತಿರುಗುಮುರುಗು ಮಾಡಿ ಒಂದು ವಾರ ಕಳೆದುಕೊಂಡೆ.

ಈ ನಡುವೆ ಒಬ್ಬ ಹುಡುಗಿ ‘ರವಿ ಅವನ ಅಣ್ಣನಂತೆ ಓದುತ್ತಾನೆ’ ಎಂಬುದು ಅಲಂಕಾರವೇ ಎಂದು ಕೇಳಿದಳು. ಒರೆಗಲ್ಲಿಗೆ ಹಚ್ಚಿದರೆ ಎದುರುಬದುರಾದ ಎರಡೂ ಸಿಗುತ್ತವೆ, ಆದರೆ ಅಲಂಕಾರವಿಲ್ಲ. ‘ಗೋವಿನಂತೆ ಗವಯ (ಕಾಡುಹಸು)’ ಎಂಬ ಹೋಲಿಕೆಯಲ್ಲಿ ಚಮತ್ಕಾರವಿಲ್ಲದ್ದರಿಂದ ಅದು ಉಪಮಾಲಂಕಾರವಲ್ಲ ಎಂದು ಆಲಂಕಾರಿಕರು ಬಹಳ ಹಿಂದೆಯೇ ಹೇಳಿರುವುದನ್ನು ಅಂದು ಅವರಿಗೆ ತಿಳಿಸಿದೆ. ಪಠ್ಯದಾಚೆಯ ಆ ಮಾತು ಅವರಿಗೆ ಕಷ್ಟವಾಗಲಿಲ್ಲ.

ಒಗಟುಗಳ ಕಡೆಗೂ ಒಮ್ಮೆ ಹೋಗಿ ನೋಡಿದೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂಬಲ್ಲಿ ಮಲ್ಲಿಗೆಯನ್ನು ಅಡಗಿಸಿ ಮೊಸರನ್ನು ಮಾತ್ರ ಹೇಳಿರುವುದರಿಂದ, ಉಪಮೇಯವನ್ನು ಹುಡುಕುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು. ಉಪಮಾನವೊಂದೇ ಉಳಿದಾಗ ಅದು ರೂಪಕಾತಿಶಯೋಕ್ತಿಯ ಕಡೆಗೆ ವಾಲುತ್ತದೆ ಎಂಬುದು ನಿಜ. ಆದರೆ ಹತ್ತನೆಯ ತರಗತಿಯಲ್ಲಿ ಆ ಚರ್ಚೆಯನ್ನು ನಾನು ತೆರೆಯುವುದಿಲ್ಲ. ಗಾದೆಗಳ ಪ್ರಯೋಗ ಮಾತ್ರ ಮೊದಲ ಸಲ ಪೂರ್ತಿ ಕೆಟ್ಟಿತು. ಒಂದು ಮಾತಿನ ಎದುರಿಗೆ ಅದರ ಪ್ರತಿಬಿಂಬದಂಥ ಇನ್ನೊಂದು ಮಾತನ್ನಿಡುವ ದೃಷ್ಟಾಂತಾಲಂಕಾರಕ್ಕೆ ಗಾದೆಗಳನ್ನು ತನ್ನಿ ಎಂದು ಹೇಳಿದ್ದಕ್ಕೆ ಅರುವತ್ತರಷ್ಟು ಬಂದವು, ಅವುಗಳಲ್ಲಿ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬಂತೆ ಎರಡು ವಾಕ್ಯಗಳು ಬಿಂಬ ಪ್ರತಿಬಿಂಬಗಳಾಗಿ ನಿಂತವು ನಾಲ್ಕೈದು ಮಾತ್ರ. ಮುಂದಿನ ವರ್ಷ ಗಾದೆಯನ್ನು ನಾನೇ ಕೊಟ್ಟು ಪ್ರತಿಬಿಂಬವನ್ನು ಅವರಿಂದ ಬರೆಯಿಸಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದಕ್ಕೆ ‘ಏಳರಲ್ಲಿ ಕಾಗುಣಿತ ತಿದ್ದಿಕೊಳ್ಳದವನು ಹತ್ತರಲ್ಲಿ ತಿದ್ದಿಕೊಂಡಾನೇ?’ ಎಂದು ಒಬ್ಬ ಸೇರಿಸಿದ. ಅಲ್ಲಿಂದ ದೃಷ್ಟಾಂತ ಕೈಗೆ ಬಂತು. ಶಬ್ದಾಲಂಕಾರಗಳಿಗೆ ಇಷ್ಟೆಲ್ಲ ಬೇಡ. ಒಂದೇ ಅಕ್ಷರ ಮರಳಿ ಮರಳಿ ಬರುವ ಅನುಪ್ರಾಸವನ್ನು ಕಿವಿಯೇ ಹಿಡಿಯುತ್ತದೆ.

ಒಂದೇ ಮಾತು ಎರಡು ಅರ್ಥ ಕೊಡುವ ಶ್ಲೇಷೆಯ ಪಾಠವನ್ನು ಹೇಗೆ ಆರಂಭಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳಿಗೆ ಮುಂಚಿತವಾಗಿ ತಿಳಿದರೆ ಅದು ನಡೆಯುವುದಿಲ್ಲ, ಮತ್ತು ನನ್ನ ವಿದ್ಯಾರ್ಥಿಗಳ ಅಕ್ಕಂದಿರೂ ಅಣ್ಣಂದಿರೂ ಇದನ್ನು ಓದಬಹುದು. ಗುಂಪುಗಳನ್ನು ಕಟ್ಟುವ ಲೆಕ್ಕವನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಳೆದ ತಂಡದ 38 ಮಕ್ಕಳಲ್ಲಿ ಮೂವತ್ತಮೂರೋ ಮೂವತ್ತನಾಲ್ಕೋ ಮಂದಿ ಹೊಸ ವಾಕ್ಯಕ್ಕೆ ಪೂರ್ಣ ಸಮನ್ವಯ ಬರೆದರು. ಹಿಂದೆ ಹನ್ನೊಂದಕ್ಕೆ ನಿಂತಿದ್ದ ಅದೇ ಬಗೆಯ ಪರೀಕ್ಷೆ ಇದು. ಆದರೆ ನನಗೆ ಹೆಚ್ಚು ಸಂತೋಷ ತಂದದ್ದು ಇನ್ನೊಂದು. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದೂ ಲಕ್ಷ್ಮೀಶನನ್ನು ‘ಉಪಮಾಲೋಲ’ ಎಂದೂ ಕರೆಯುವುದು ಅದುವರೆಗೆ ಒಂದು ಅಂಕದ ಉತ್ತರವಾಗಿತ್ತು. ಈ ತಂಡದಲ್ಲಿ ಒಬ್ಬಳು, ಇಬ್ಬರೂ ಭಾರತದ ಕಥೆಯನ್ನೇ ಷಟ್ಪದಿಯಲ್ಲಿ ಹೇಳಿದವರಾಗಿರುವಾಗ ಒಬ್ಬರಿಗೆ ರೂಪಕ ಏಕೆ, ಇನ್ನೊಬ್ಬರಿಗೆ ಉಪಮೆ ಏಕೆ ಎಂದು ಕೇಳಿದಳು. ಎರಡು ಅವಧಿ ಇಬ್ಬರ ಪದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಚೀಟಿಗಳಂತೆಯೇ ಬಿಡಿಸಿ ನೋಡಿದೆವು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಓಟದಲ್ಲಿ ‘ಅಂತೆ’ ಎಂದು ನಿಲ್ಲಲು ಪುರಸತ್ತಿಲ್ಲ ಎಂದು ಅವಳೇ ಒಂದು ಕಾರಣವನ್ನು ಮುಂದಿಟ್ಟಳು. ಅದು ಪೂರ್ತಿ ಸರಿಯಲ್ಲದಿರಬಹುದು, ಆದರೂ ಅಂಥ ಮಾತನ್ನು ಹದಿನೈದು ವರ್ಷಗಳ ಸೇವೆಯಲ್ಲಿ ತರಗತಿಯಿಂದ ನಾನು ಕೇಳಿರಲಿಲ್ಲ.

ಅರ್ಥಾಂತರನ್ಯಾಸ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ಒಂದು ನಿರ್ದಿಷ್ಟ ಸಂಗತಿಯನ್ನು ಲೋಕಸಾಮಾನ್ಯವಾದ ಮಾತಿನಿಂದ ಸಮರ್ಥಿಸುವ ಈ ಅಲಂಕಾರಕ್ಕೂ ದೃಷ್ಟಾಂತದ ಪ್ರತಿಬಿಂಬಕ್ಕೂ ಇರುವ ಅಂತರವನ್ನು ಚೀಟಿಗಳ ಮೇಲೆ ತೋರಿಸಲು ಮೂರು ಬಗೆಯಲ್ಲಿ ಪ್ರಯತ್ನಿಸಿ ಮೂರರಲ್ಲೂ ಸೋತಿದ್ದೇನೆ. ಈ ಜೂನ್‌ನಲ್ಲಿ ಚಿಕ್ಕ ಮತ್ತು ದೊಡ್ಡ ಎರಡು ಅಳತೆಯ ಚೀಟಿಗಳನ್ನು ಕತ್ತರಿಸಿ, ಒಂದು ಸಂಗತಿಗೆ ಚಿಕ್ಕದು, ಲೋಕಕ್ಕೆಲ್ಲ ಸಲ್ಲುವ ಮಾತಿಗೆ ದೊಡ್ಡದು ಎಂದು ಗೊತ್ತುಮಾಡಿ ಇನ್ನೊಮ್ಮೆ ಆರಂಭಿಸಲಿದ್ದೇನೆ.