ವಿದೇಶದ ವಾಚ್ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

ಅಕ್ಕನ ಮಗ ಆಫೀಸ್ ಕೆಲಸಕ್ಕೆಂದು ಒಂದು ವಾರ ದುಬೈಗೆ ಹೋಗಿದ್ದ. ಅಂಗಡಿಯಲ್ಲೇ ನಿಂತು ಫೋನ್ ಮಾಡಿದ. ‘ಮಾಮಾ, ಇಲ್ಲೆ ಭಾಳ ಸೋವಿ ಐತ್ರಿ. ತಗೊಂಡಬಿಡ್ಲ್ಯಾ?’ ವಾಚಿನ ಬೆಲೆ ನಮ್ಮ ರೂಪಾಯಿಯಲ್ಲಿ 3 ಲಕ್ಷ. ‘ತಡಿಯಪಾ, ಮೊದಲ ಕಸ್ಟಮ್ಸ್ ಲೆಕ್ಕ ಹಾಕೂಣು’ ಅಂದೆ. ಧಾರವಾಡದ ಮನೆಯಲ್ಲಿ ಕೂತು ಕ್ಯಾಲೆಂಡರ್ ಹಿಂದೆ ಗೀಚಿದ ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ದಾರಿ ಯಾವುದು ಅಂತ ತೀರ್ಮಾನಿಸಿ. ಕೈಯಲ್ಲಿ ತರುತ್ತೀರಾ, ಕೊರಿಯರ್‌ನಲ್ಲಿ ತರಿಸುತ್ತೀರಾ, ಇಲ್ಲಿನ ಷೋರೂಂನಲ್ಲೇ ಕೊಳ್ಳುತ್ತೀರಾ? ವಾಚ್ ಒಂದೇ ಆದರೂ ದಾರಿ ಬದಲಾದರೆ ತೆರಿಗೆ ಬದಲಾಗುತ್ತದೆ.

<b>ಕೈಯಲ್ಲಿ ತರುವುದಾದರೆ</b>

ವಿದೇಶದಿಂದ ವಿಮಾನದಲ್ಲಿ ಬರುವ ನಮ್ಮವರಿಗೆ ತೆರಿಗೆ ಇಲ್ಲದೆ ತರಬಹುದಾದ ಸಾಮಾನಿನ ಮಿತಿ ಮೊದಲು 50,000 ರೂಪಾಯಿ ಇತ್ತು. 2026ರ ಫೆಬ್ರವರಿಯಿಂದ ಅದು 75,000 ಆಗಿದೆ. ಅದಕ್ಕಿಂತ ಜಾಸ್ತಿಯಾದ ಮೊತ್ತದ ಮೇಲೆ ವರ್ಷಗಳಿಂದ ನಡೆದು ಬಂದ ದರ ಶೇ 38.5. ಅಂದರೆ ಶೇ 35 ಸುಂಕ, ಆ ಸುಂಕದ ಮೇಲೆ ಶೇ 10 ಸರ್‌ಚಾರ್ಜ್.

ನಮ್ಮ ಹುಡುಗನ ಲೆಕ್ಕ ಹೀಗೆ. 3,00,000ದಲ್ಲಿ 75,000 ಕಳೆದರೆ 2,25,000. ಅದರ ಶೇ 38.5 ಅಂದರೆ 86,625 ರೂಪಾಯಿ. ವಾಚ್ ಮನೆಗೆ ಬರುವಾಗ 3,86,625. ‘ಸೋವಿ’ ಎಲ್ಲಿ ಉಳಿಯಿತು ಅಂತ ಈಗ ನೋಡಬೇಕು, ಅಲ್ವಾ?

ಆ 75,000 ವಾಚಿಗೆ ಮಾತ್ರ ಮೀಸಲಲ್ಲ. ಅತ್ತಿಗೆ ಹೇಳಿದ ಸೆಂಟು, ಮಕ್ಕಳ ಚಾಕೊಲೇಟು ಎಲ್ಲವೂ ಅದರೊಳಗೇ ಬರಬೇಕು. ಗಂಡ ಹೆಂಡತಿ ಇಬ್ಬರ ಮಿತಿ ಕೂಡಿಸಿ ಒಂದು ವಾಚಿಗೆ ಹಚ್ಚಲೂ ಬರುವುದಿಲ್ಲ. ರೂಪಾಯಿ ಲೆಕ್ಕಕ್ಕೆ ಕಸ್ಟಮ್ಸ್ ತಾನೇ ಪ್ರಕಟಿಸುವ ವಿನಿಮಯ ದರ ಬಳಸುತ್ತದೆ. ಮೊಬೈಲಿನಲ್ಲಿ ಕಂಡ ದರ ಅಲ್ಲಿ ನಡೆಯುವುದಿಲ್ಲ.

ಬಿಲ್ ಮಾಡಿಸುವಾಗ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ. ಆ ದೇಶದ ವ್ಯಾಟ್ ವಾಪಸಿಗೂ ಅಂಗಡಿಯಲ್ಲೇ ಕಾಗದ ಮಾಡಿಸಿಕೊಳ್ಳಿ. ದುಬೈನಲ್ಲಿ ವ್ಯಾಟ್ ಶೇ 5, ಸ್ವಿಟ್ಜರ್‌ಲೆಂಡಿನಲ್ಲಿ 2024ರಿಂದ ಶೇ 8.1. ದುಬೈನಲ್ಲಿ ವ್ಯಾಟ್ ಸೇರಿ 3 ಲಕ್ಷ ಕೊಟ್ಟಿದ್ದರೆ ಅದರಲ್ಲಿ ಸುಮಾರು 14,000 ವ್ಯಾಟ್ ಇರುತ್ತದೆ. ಶುಲ್ಕ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ಆದರೆ ದೇಶ ಬಿಡುವ ಮೊದಲೇ ವಿಮಾನ ನಿಲ್ದಾಣದಲ್ಲಿ ಪರಿಶೀಲನೆ ಆಗಬೇಕು. ವಾಚನ್ನು ಚೆಕ್-ಇನ್ ಬ್ಯಾಗಿಗೆ ಹಾಕಿಬಿಟ್ಟರೆ ತೋರಿಸಲು ಏನೂ ಇರುವುದಿಲ್ಲ. ಬ್ರಿಟನ್ ತನ್ನ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಕೊಡುತ್ತಿದ್ದ ಈ ಅನುಕೂಲವನ್ನು 2021ರಲ್ಲೇ ನಿಲ್ಲಿಸಿದೆ.

ಹುಬ್ಬಳ್ಳಿಗೆ ವಿದೇಶದಿಂದ ನೇರ ವಿಮಾನ ಇಲ್ಲ. ನಮ್ಮವರು ಇಳಿಯುವುದು ಹೆಚ್ಚಾಗಿ ಬೆಂಗಳೂರು ಇಲ್ಲವೇ ಗೋವಾದಲ್ಲಿ. ಕಸ್ಟಮ್ಸ್ ಕೆಲಸ ಅಲ್ಲೇ ಮುಗಿಯಬೇಕು. ಮುಂದಿನ ರೈಲಿಗೋ ವಿಮಾನಕ್ಕೋ ಎರಡು ಮೂರು ತಾಸು ಬಿಡುವು ಇಟ್ಟುಕೊಳ್ಳಿ. ಇಳಿದ ಮೇಲೆ, ಸುಂಕದ ಸಾಮಾನು ಇಲ್ಲದವರು ಹೋಗುವ ಹಸಿರು ದಾರಿಗೆ ನುಗ್ಗಬೇಡಿ. ಕೆಂಪು ಚಾನೆಲ್‌ಗೆ ಹೋಗಿ, ಬಿಲ್ ತೋರಿಸಿ, ಸುಂಕ ಕಟ್ಟಿ, ರಸೀದಿ ತೆಗೆದುಕೊಳ್ಳಿ.

‘ಡಬ್ಬಿ ಒಗದು ಕೈಗೆ ಕಟ್ಟಿಕೊಂಡ ಬಂದ್ರ ಯಾರಿಗೆ ಗೊತ್ತಾಗತೈತ್ರಿ ಮಾಮಾ?’ ಅಂತ ಅವನೂ ಕೇಳಿದ. ಬಹಳ ಜನ ಕೇಳುತ್ತಾರೆ. ಕೈಗೆ ಕಟ್ಟಿದ ಮಾತ್ರಕ್ಕೆ ಹೊಸ ವಾಚ್ ಹಳೆಯದಾಗುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಹೇಳದೆ ತಂದ ವಸ್ತುವನ್ನು ಮುಟ್ಟುಗೋಲು ಹಾಕಬಹುದು, ದಂಡವನ್ನೂ ಹಾಕಬಹುದು. ದಯವಿಟ್ಟು ಈ ಆಸೆಗೆ ಬೀಳಬೇಡಿ. ಡಬ್ಬಿ, ವಾರಂಟಿ ಕಾರ್ಡು ಒಗೆದರೆ ಮುಂದೆ ಮಾರುವಾಗಲೂ ಬೆಲೆ ಬೀಳುತ್ತದೆ.

<b>ಕೊರಿಯರ್‌ನಲ್ಲಿ ತರಿಸುವುದಾದರೆ</b>

ಸ್ವಂತ ಬಳಕೆಗೆ ತರಿಸುವ ವಸ್ತುಗಳಿಗೆ ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ 9804 ಅಂತ ಬೇರೆಯೇ ಶೀರ್ಷಿಕೆ ಇದೆ. ಅದರ ಮೂಲ ಸುಂಕವನ್ನು 2026ರ ಬಜೆಟ್‌ನಲ್ಲಿ ಶೇ 20ರಿಂದ 10ಕ್ಕೆ ಇಳಿಸಿದರು. ಮೇಲೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ, ಇದ್ದೇ ಇದೆ. ದುಡ್ಡು ಕಳಿಸುವ ಮೊದಲೇ ಕೊರಿಯರ್‌ನವರನ್ನು ಎರಡು ಮಾತು ಕೇಳಿ. ಯಾವ ಶೀರ್ಷಿಕೆಯಲ್ಲಿ ಬಿಡಿಸುತ್ತೀರಿ? ನಿಮ್ಮ ಶುಲ್ಕ ಎಷ್ಟು? ಉತ್ತರ ಇಮೇಲ್‌ನಲ್ಲೇ ಬರಲಿ. ಸಾಗಣೆ ಮತ್ತು ವಿಮೆಯ ಖರ್ಚು ಸೇರಿಸಿದ ಬೆಲೆಯ ಮೇಲೆ ಸುಂಕ ಬೀಳುತ್ತದೆ ಅನ್ನುವುದು ನೆನಪಿರಲಿ.

‘ಗಿಫ್ಟ್ ಅಂತ ಬರೆದು ಕಳಿಸುತ್ತೇವೆ’ ಅನ್ನುವ ಮಾರಾಟಗಾರರನ್ನು ನಂಬಬೇಡಿ. 2019ರ ಡಿಸೆಂಬರ್‌ನಿಂದ ಅಂಚೆ, ಕೊರಿಯರ್‌ನಲ್ಲಿ ಉಡುಗೊರೆ ಅಂತ ತೆರಿಗೆ ಇಲ್ಲದೆ ಬರುವುದು ಜೀವ ಉಳಿಸುವ ಔಷಧಿ ಮತ್ತು ರಾಖಿ ಮಾತ್ರ. ಮೊಸಳೆ ಚರ್ಮದ ಪಟ್ಟಿ ಇದ್ದರೆ ವನ್ಯಜೀವಿ ಪರವಾನಗಿಯ ತೊಡಕು ಬೇರೆ. ಉಕ್ಕಿನ ಇಲ್ಲವೇ ರಬ್ಬರ್ ಪಟ್ಟಿ ಹಾಕಿಸಿ ತರಿಸಿ.

<b>ಷೋರೂಂ ಬೆಲೆ ಜೊತೆ ಹೋಲಿಸಿ</b>

ವ್ಯಾಪಾರಿಗಳು ವಾಚ್ ತರಿಸುವಾಗ ಶೇ 20 ಸುಂಕ, ಆ ಸುಂಕದ ಶೇ 10 ಸರ್‌ಚಾರ್ಜ್ ಅಂದರೆ ಬೆಲೆಯ ಶೇ 2, ಒಟ್ಟು ಮೊತ್ತದ ಮೇಲೆ ಶೇ 18 ಐಜಿಎಸ್‌ಟಿ ಸೇರಿ ಶೇ 43.96 ಆಗುತ್ತದೆ. ಸ್ವಿಸ್ ವಾಚುಗಳಿಗೆ ಒಂದು ಒಳ್ಳೆಯ ಸುದ್ದಿ ಇದೆ. ಸ್ವಿಟ್ಜರ್‌ಲೆಂಡ್ ಸೇರಿದ ದೇಶಗಳ ಗುಂಪಿನ ಜೊತೆ ಭಾರತ ಮಾಡಿಕೊಂಡು, 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ವ್ಯಾಪಾರ ಒಪ್ಪಂದದಿಂದ ಅವುಗಳ ಸುಂಕ ಏಳು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಯಲಿದೆ. ಅವಸರ ಇಲ್ಲದವರು ಕಾಯಬಹುದು. ವಾಚಿನ ಬೆಲೆ 10 ಲಕ್ಷ ದಾಟಿದರೆ 2025ರ ಏಪ್ರಿಲ್ 22ರಿಂದ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಕಟ್ಟಬೇಕು. ಅದನ್ನು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

<b>ಹಳೆ ವಾಚ್ ಕಟ್ಟಿಕೊಂಡು ಹೋಗುವವರಿಗೆ</b>

ಇದು ಬಹಳ ಜನರಿಗೆ ಗೊತ್ತಿಲ್ಲ. ಇಲ್ಲಿಂದ ದುಬಾರಿ ವಾಚ್ ಕಟ್ಟಿಕೊಂಡು ಹೋದರೆ, ವಾಪಸ್ ಬರುವಾಗ ‘ಅಲ್ಲೇ ಕೊಂಡಿದ್ದಲ್ವಾ?’ ಅಂತ ಕೇಳಬಹುದು. ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರ್‌ನಲ್ಲಿ ವಾಚ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅದರಲ್ಲಿ ವಾಚಿನ ಗುರುತು ಬರೆಯಬೇಕು. ಹಳೆ ವಾಚಿನ ಸೀರಿಯಲ್ ನಂಬರ್ ಸವೆದು ಬರಿಗಣ್ಣಿಗೆ ಕಾಣದಿದ್ದರೆ ಮೊದಲೇ ಓದಿಸಿ ಇಟ್ಟುಕೊಳ್ಳಿ. ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ನಮ್ಮ ವಾಚ್ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳವನ್ನು ಬಟ್ಟೆಯಿಂದ ಒರೆಸಿ, ಒಂದೊಂದೇ ಅಂಕಿ ಓದಿ ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದುಕೊಂಡಿದ್ದೆ.

ನಮ್ಮ ಹುಡುಗ ಕೊನೆಗೆ ಕೊಂಡೇ ಬಂದ. ಕೆಂಪು ಚಾನೆಲ್‌ನಲ್ಲಿ 86,625 ಕಟ್ಟಿದ. ಆ ರಸೀದಿಯನ್ನು ಬಿಲ್ಲಿನ ಜೊತೆ ಮಡಚಿ ವಾಚಿನ ಡಬ್ಬಿಯಲ್ಲೇ ಇಟ್ಟಿದ್ದಾನೆ. ಮುಂದಿನ ಸಲ ದುಬೈಗೆ ಹೊರಟಾಗ ಸರ್ಟಿಫಿಕೇಟ್ ಮಾಡಿಸಲು ಅವೆರಡೂ ಬೇಕು.